ಹೊಳೆಯಬಾರದ ನೀರು
ನೀರು ಪರೀಕ್ಷಿಸುವ ನೀರಣ್ಣನಿಗೆ ಹೊಳಪೆಂದರೆ ಆಗದು. ಜನ ತಂದ ನೀರಿಗೆ ಎರಡು ಹನಿ ದ್ರಾವಣ ಬಿಟ್ಟು, ನೇರಳೆ ದೀಪದಡಿ ಹಿಡಿದು ನೋಡುತ್ತಾನೆ. ಸೀಸವಿದ್ದರೆ ನೀರು ಹಸಿರಾಗಿ ಹೊಳೆಯುತ್ತದೆ. "ಎಷ್ಟು ಚೆಂದ!" ಎಂದವರ ಮೇಲೆ ಹರಿಹಾಯುತ್ತಾನೆ: "ಚೆಂದ ಅಲ್ಲಮ್ಮ, ವಿಷ! ಮಕ್ಕಳ ಬುದ್ಧಿ, ಮಾತು ಎರಡನ್ನೂ ತಿಂದುಹಾಕತ್ತೆ. ಆ ಪೈಪು ಇವತ್ತೇ ಕಿತ್ತು ಹಾಕ್ಸಿ." ನೆಂಟರ ಮನೆಗೂ ದೀಪ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾನೆ, ನಾದಿನಿ ಲೋಟ ಕೊಟ್ಟು, "ಭಾವ, ದೀಪ ಹಚ್ಚಿ ಮತ್ತೆ," ಎಂದು ರೇಗಿಸುತ್ತಾಳೆ. ಅವನ ಕಪಾಟಿನ ಮೇಲಂತಸ್ತಿನಲ್ಲಿ ಚೀಟಿಯಿಲ್ಲದ ಒಂದು ಬಾಟಲಿಯಿದೆ. ಅದು ಮಗಳು ಹುಟ್ಟಿ ಬೆಳೆದ ಹಳೇ ಬಾಡಿಗೆಮನೆಯ ನಲ್ಲಿ ನೀರು. ಒಂಬತ್ತು ವರ್ಷ ತುಂಬಿದರೂ ಅವಳಿಗೆ ಇನ್ನೂ ಸರಿಯಾಗಿ ಮಾತು ಬಂದಿಲ್ಲ. ನೀರಣ್ಣ ದಿನಾ ಬೆಳಗ್ಗೆ ಆ ಬಾಟಲಿಯ ಧೂಳು ಒರೆಸಿ, ಇದ್ದಲ್ಲೇ ಇಡುತ್ತಾನೆ. ಅದಕ್ಕೆ ಮಾತ್ರ ಈವರೆಗೆ ಹನಿ ಬಿಟ್ಟಿಲ್ಲ.