ಹಸಿರು ಶಾಯಿಯ ಒಂದೂ ಮುಕ್ಕಾಲು

ಸ್ಯಾನ್ ಫ್ರಾನ್ಸಿಸ್ಕೋದ ಮೀನುಗಾರರ ಕಟ್ಟೆಯ ಪಕ್ಕದಲ್ಲಿ ಪ್ರವಾಸಿಗಳಿಗೆ ದಾರಿ ಹೇಳುವ ಒಂದು ಕಿಟಕಿಯಿದೆ. ನೀನಾ ಸ್ಕಾಫಿಡಿ ಅಲ್ಲಿ ಕೂರಲು ತೊಡಗಿ ಹತ್ತೊಂಬತ್ತು ವರ್ಷ. ಅದಕ್ಕೂ ಮೊದಲು ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕೂತು ಕೇಳಿದವರಿಗೆಲ್ಲ ನಂಬರು ಹೇಳಿದವಳು. ಒಟ್ಟಿನಲ್ಲಿ ಬದುಕಿನುದ್ದಕ್ಕೂ ಬೇರೆಯವರ ಪ್ರಶ್ನೆಗೆ ಉತ್ತರ ಹೇಳಿಯೇ ಅನ್ನ ತಿಂದಿದ್ದಾಳೆ. ಈಗ ಎಪ್ಪತ್ತೊಂದು. ಗಂಡ ತೀರಿಕೊಂಡಿದ್ದಾನೆ, ಮಂಡಿ ನೋಯುತ್ತದೆ, ಆದರೂ ‘ಗೊತ್ತಿಲ್ಲ’ ಎಂಬ ಮಾತು ಅವಳ ಬಾಯಿಂದ ಬಿದ್ದದ್ದನ್ನು ಯಾರೂ ಕೇಳಿಲ್ಲ.

ಹತ್ತರಲ್ಲಿ ಎಂಟು ಜನ ಕೇಳುವುದು ಶೌಚಾಲಯ ಎಲ್ಲಿ ಎಂದು. ಉಳಿದಿಬ್ಬರು ಊರಿನ ಹೆಸರಾಂತ ಸೇತುವೆ ಎಲ್ಲಿ ಎಂದು ಕೇಳುತ್ತಾರೆ, ಮಂಜಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ. ಯಾರೇ ಬಂದರೂ ನೀನಾ ನಕ್ಷೆಯನ್ನು ಬಿಡಿಸಿ, ಹಸಿರು ಪೆನ್ನಿನಲ್ಲಿ ಜಾಗಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಹೊತ್ತು ಬರೆದುಕೊಡುತ್ತಾಳೆ. ಎಷ್ಟಕ್ಕೆ ಹೋಗಬೇಕು, ಎಷ್ಟರೊಳಗೆ ಹಿಂದಿರುಗಬೇಕು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಜೇಬಿನಲ್ಲಿರುತ್ತದೆ ಎಂದು ಅವಳ ವಾದ.

ಆ ಜುಲೈ ಬೆಳಿಗ್ಗೆ ಇಬ್ಬರು ಮುದುಕಿಯರು ಬಂದರು. ನೆಬ್ರಾಸ್ಕಾದ ಜೋಳದ ಹೊಲಗಳ ನಡುವಿನಿಂದ ಬಂದ ಅಕ್ಕತಂಗಿಯರು, ವಿಲ್ಮಾ ಮತ್ತು ಆರ್ಲೀನ್. ತಂಗಿ ಆರ್ಲೀನ್‌ಳ ಕೈಯಲ್ಲೊಂದು ಊರುಗೋಲು. ಜುಲೈ ಎಂದರೆ ಬೇಸಿಗೆಯೆಂದು ನಂಬಿ ತೆಳ್ಳನೆಯ ಅಂಗಿಯಲ್ಲಿ ಬಂದು ಗಡಗಡ ನಡುಗುತ್ತಿದ್ದರು. ನೀನಾ ಮೊದಲು ಅವರನ್ನು ಎದುರಿನ ಅಂಗಡಿಗೆ ಅಟ್ಟಿ, ದಪ್ಪನೆಯ ಎರಡು ಕೆಂಪು ಜಾಕೆಟ್ ಕೊಳ್ಳಿಸಿದಳು. ಆಮೇಲೆ ಮಾತು. ಇಬ್ಬರೂ ಹುಟ್ಟಿದ ಮೇಲೆ ಸಮುದ್ರ ಕಂಡವರಲ್ಲ. ಜನಜಂಗುಳಿ ಬೇಡ, ಸೇತುವೆಯನ್ನು ಮರಳಿನ ಮೇಲೆ ಕೂತು ನೋಡಬೇಕು ಎಂಬುದು ಅವರ ಆಸೆ.

ನೀನಾಗೆ ಖುಷಿಯಾಯಿತು. ಬೇಕರ್ ಬೀಚಿನ ತುದಿಯ ಬಂಡೆಗಳನ್ನು ಬಳಸಿಕೊಂಡು ಹೋದರೆ ಆಚೆಗೊಂದು ಪುಟ್ಟ ಮರಳ ತುಣುಕಿದೆ. ಸಮುದ್ರ ಇಳಿದಾಗ ಮಾತ್ರ ಅಲ್ಲಿಗೆ ದಾರಿ. ಏರಿತೋ, ಮುಂದೆ ನೀರು, ಹಿಂದೆ ಕಡಿದಾದ ಗುಡ್ಡ. ಅವಳ ಅಪ್ಪ ಸಾಲ್ವತೋರೆ ಏಡಿ ಹಿಡಿಯುವ ದೋಣಿಯವನು, ಮಕ್ಕಳನ್ನು ಭಾನುವಾರ ಅಲ್ಲಿಗೆ ಕರೆದೊಯ್ಯುತ್ತಿದ್ದ. ನೀನಾ ಮೊಳೆಗೆ ನೇತುಹಾಕಿದ್ದ ಉಬ್ಬರವಿಳಿತದ ಪುಸ್ತಕ ತೆಗೆದಳು. ಇಳಿತ ಹನ್ನೊಂದು ಇಪ್ಪತ್ತಕ್ಕೆ ಎಂದಿತ್ತು. ಅದಕ್ಕೆ ಒಂದು ಗಂಟೆ ಕೂಡಿಸಿದಳು. ಬೇಸಿಗೆಯಲ್ಲಿ ಊರು ತನ್ನ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತದೆ. ಕಟ್ಟೆಯ ಗಾಳದಂಗಡಿಯವನು ಮಾತ್ರ ತನ್ನ ಪುಸ್ತಕದಲ್ಲಿ ವರ್ಷವಿಡೀ ಚಳಿಗಾಲದ ಗಂಟೆಯನ್ನೇ ಅಚ್ಚು ಹಾಕಿಸುತ್ತಿದ್ದ. ಕೂಡಿಸಿಕೊಳ್ಳುವುದು ಓದುವವರ ಕೆಲಸ. ದೋಣಿಯವರ ಮಕ್ಕಳಿಗೆ ಇದು ಮಗ್ಗಿಗಿಂತ ಮೊದಲೇ ಬರುತ್ತದೆ. ‘ಹನ್ನೆರಡಕ್ಕೆ ದಾಟಿ. 1:45ರೊಳಗೆ ಹಿಂದಿರುಗಿ’ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ಕೊಟ್ಟಳು.

ಮಧ್ಯಾಹ್ನ ಒಂದು ಗಂಟೆಗೆ ಒಟಿಸ್ ಬ್ರೂಸಾರ್ಡ್ ಪಾಳಿಗೆ ಬಂದ. ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು, ನೀನಾಳನ್ನು ರೇಗಿಸದಿದ್ದರೆ ಅವನಿಗೆ ಉಂಡ ಅನ್ನ ಕರಗದು. ಓದಲು ಬೇರೇನೂ ಇಲ್ಲದೆ ಆ ಪುಸ್ತಕವನ್ನೇ ಎತ್ತಿಕೊಂಡ. ಹಳೆಯ ಗಾಳದಂಗಡಿ ಕಳೆದ ಚಳಿಗಾಲದಲ್ಲೇ ಮುಚ್ಚಿಹೋಗಿತ್ತು. ಈ ಪುಸ್ತಕ ಬೇರೆ ಅಂಗಡಿಯದು, ಹಳೆಯ ಪುಸ್ತಕದ ಮೇಲೆ ಕಾಫಿ ಚೆಲ್ಲಿದ್ದರಿಂದ ನಿನ್ನೆಯಷ್ಟೇ ತಂದು ನೇತುಹಾಕಿದ್ದು.

“ನೋಡೇ ದೋಣಿ ರಾಣಿ, ಪುಣ್ಯಾತ್ಮರು ನಿನ್ನ ಕೆಲಸ ಕಡಿಮೆ ಮಾಡಿದಾರೆ,” ಎಂದ. “ಬೇಸಿಗೆ ಗಂಟೆ ಕೂಡಿಸಿಯೇ ಅಚ್ಚು ಹಾಕಿದೀವಿ ಅಂತ ರಟ್ಟಿನ ಮೇಲೇ ಬರೆದಿದಾರೆ.”

ನೀನಾ ಪುಸ್ತಕ ಕಿತ್ತುಕೊಂಡು ಓದಿದಳು, ಕನ್ನಡಕ ಒರೆಸಿ ಮತ್ತೆ ಓದಿದಳು. ಕೂಡಿಸಿದ್ದರ ಮೇಲೆ ಕೂಡಿಸಿದ್ದಾಯಿತು. ಇಳಿತ ಮುಗಿದು ಆಗಲೇ ಒಂದೂವರೆ ಗಂಟೆಯ ಮೇಲಾಗಿದೆ, ನೀರು ಏರುತ್ತಿದೆ, ಊರುಗೋಲಿನ ಮುದುಕಿ ಬಂಡೆಗಳ ಆಚೆ ಕೂತಿದ್ದಾಳೆ.  ಬೆಳಗಿನ ಅಕ್ಕತಂಗಿಯರ ಸಂಗತಿಯನ್ನು ಒಟಿಸ್‌ಗೆ ಒಂದೇ ಉಸಿರಿಗೆ ಹೇಳಿ, ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದಳು.

ಒಟಿಸ್‌ನ ತಮಾಷೆ ಅಲ್ಲಿಗೆ ನಿಂತಿತು. ಕಡಲ ರಕ್ಷಣೆಯವರಿಗೆ ಫೋನು ಹಚ್ಚಿ ಜಾಗ, ಕೆಂಪು ಜಾಕೆಟ್, ಊರುಗೋಲು ಎಲ್ಲವನ್ನೂ ಬಿಡದೆ ಹೇಳಿದ. ಈಗಲೇ ಹೊರಡುತ್ತೇವೆ ಎಂದರು ಅವರು. ಇನ್ನು ಕಾಯುವುದೊಂದೇ ಉಳಿದದ್ದು. ಕಾಯುವುದು ನೀನಾಳಿಂದ ಆಗಲಿಲ್ಲ. ಕಿಟಕಿಗೆ ‘ಮುಚ್ಚಿದೆ’ ಎಂಬ ಹಲಗೆ ಸಿಕ್ಕಿಸಿ, ಇಬ್ಬರೂ ಒಟಿಸ್‌ನ ಹಳೆಯ ಕಾರು ಹತ್ತಿದರು.

ಆ ಪ್ರಯಾಣವನ್ನು ನೀನಾ ಸಾಯುವವರೆಗೂ ಮರೆಯಲಾರಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮೂವತ್ತೆರಡು ವರ್ಷ ರೂಢಿಸಿಕೊಂಡದ್ದೂ ಹೋಗುವುದಿಲ್ಲ. ಬಸ್ ನಿಲ್ದಾಣ ಬಂದಾಗಲೆಲ್ಲ ಒಟಿಸ್‌ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು, ಕಾರಿನ ವೇಗ ತಗ್ಗುತ್ತಿತ್ತು. ಮೊದಲ ಎರಡು ಸಲ ನೀನಾ ಹಲ್ಲು ಕಚ್ಚಿದಳು. ಮೂರನೆಯ ಸಲ ಬೈಯಲು ತಿರುಗಿದವಳು ಅವನ ಕಾಲನ್ನೇ ನೋಡಿದಳು. ಅವನ ಕಾಲು ಮಾಡುತ್ತಿರುವುದನ್ನೇ ಬೆಳಿಗ್ಗೆ ತನ್ನ ತಲೆ ಮಾಡಿತ್ತಲ್ಲ.

“ಅವ್ರೇನು ದಡ್ಡರಾ?” ಎಂದ ಒಟಿಸ್, ರಸ್ತೆ ನೋಡುತ್ತಲೇ. “ಕಾಲಿಗೆ ನೀರು ತಾಕಿದ್ರೆ ಎದ್ದು ಬರಲ್ವಾ?”

“ಹೊಸಬರಿಗೆ ಗೊತ್ತಾಗಲ್ಲ ಒಟಿಸ್. ಮೊದಲು ನೀರು ಬಂಡೆ ಹತ್ರ ಬರತ್ತೆ. ಕೂತವರ ಕಾಲಿಗೆ ಬರೋದು ಆಮೇಲೆ. ಅಷ್ಟೊತ್ತಿಗೆ ದಾರಿ ಹೋಗಿರತ್ತೆ.”

ಇದನ್ನು ಬೆಳಿಗ್ಗೆಯೇ ಅವರಿಗೆ ಹೇಳಬಹುದಿತ್ತು. ಹೇಳಿರಲಿಲ್ಲ. ಹೊತ್ತು ಬರೆದುಕೊಟ್ಟ ಮೇಲೆ ಇನ್ನೇನು ಹೇಳುವುದು ಎಂದುಕೊಂಡಿದ್ದಳು. ಅವಳು ಕೊರಳ ತಾಯಿತದ ಮೇರಿಯಮ್ಮನನ್ನು ಹಿಡಿದುಕೊಂಡು, ಒಂದು ಪ್ರಾರ್ಥನೆಯನ್ನೂ ಪೂರ್ತಿ ಮಾಡಲಾರದೆ, ಅರ್ಧಕ್ಕೇ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಬೀಚಿನಲ್ಲಿ ರಕ್ಷಣೆಯವರ ಗಾಡಿ ಆಗಲೇ ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ನೀನಾ ನೋಯುವ ಮಂಡಿಯನ್ನು ಎಳೆದುಕೊಂಡು ಮರಳಿನಲ್ಲಿ ಓಡಿದಳು. ಬಂಡೆಗಳ ಬುಡಕ್ಕೆ ಅಲೆ ಹೊಡೆದು ಬಿಳಿಯಾಗಿ ಮೇಲೇಳುತ್ತಿತ್ತು. ಮಂಜಿನಲ್ಲಿ ಅದರಾಚೆ ಏನೂ ಕಾಣದು. ಗಾಳ ಹಾಕಿ ನಿಂತಿದ್ದ ಒಬ್ಬನನ್ನು ಕೇಳಿದಳು. ಕೆಂಪು ಜಾಕೆಟಿನವರು ಹೋದದ್ದನ್ನು ನೋಡಿದ್ದ, ಬಂದದ್ದನ್ನು ನೋಡಿರಲಿಲ್ಲ. ಈಗಷ್ಟೇ ರಬ್ಬರ್ ಉಡುಪಿನ ಇಬ್ಬರು ಆ ಕಡೆ ಹೋದರು ಎಂದ.

ಹತ್ತು ನಿಮಿಷ. ನೀನಾ ಬೂಟಿನೊಳಗೆ ನೀರು ತುಂಬಿದ್ದೂ ತಿಳಿಯದೆ ನಿಂತಿದ್ದಳು, ಒಟಿಸ್ ಅವಳ ತೋಳು ಬಿಡಲಿಲ್ಲ. ಕೊನೆಗೆ ಬಂಡೆಯ ಮಗ್ಗುಲಿನಲ್ಲಿ ಕೆಂಪು ಕಂಡಿತು. ಒಂದು ಕೆಂಪು. ಇನ್ನೊಂದಕ್ಕಾಗಿ ಅವಳು ಕತ್ತು ಚಾಚಿದಳು. ಎರಡು ಅಲೆ ಬಂದು ಹೋದ ಮೇಲೆ ಅದೂ ಬಂತು, ರಕ್ಷಣೆಯವನೊಬ್ಬನ ಬೆನ್ನ ಮೇಲೆ, ಊರುಗೋಲನ್ನು ಬಾವುಟದಂತೆ ಎತ್ತಿ ಹಿಡಿದುಕೊಂಡು. ನೀನಾ ಒಟಿಸ್‌ನ ಕೈ ಬಿಡಿಸಿಕೊಂಡು ಅವರತ್ತ ಓಡಿದಳು.

ಇಬ್ಬರೂ ಸೊಂಟದವರೆಗೆ ತೊಯ್ದಿದ್ದರು, ಹಲ್ಲು ಕಟಕಟಿಸುತ್ತಿತ್ತು, ಬೇರೇನೂ ಆಗಿರಲಿಲ್ಲ. ಕಂಬಳಿ ಹೊದಿಸುತ್ತಿದ್ದ ರಕ್ಷಣೆಯ ಹೆಂಗಸಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಏಳಿ ಅಂದ್ರೆ ಏಳಲ್ಲ ಇವರು,” ಎಂದಳು. “ಕಾಗದ ತೋರಿಸ್ತಾರೆ. ಇನ್ನೂ ಹತ್ತು ನಿಮಿಷ ಇದೆ ಅಂತ ನನ್ನ ಜೊತೆ ವಾದ. ಯಾರು ಬರೆದುಕೊಟ್ಟಿದ್ದು ಇದನ್ನ?”

“ನಾನೇ,” ಎಂದಳು ನೀನಾ.

ವಿಲ್ಮಾ ಅವಳ ಗುರುತು ಹಿಡಿದು, ತಪ್ಪು ತಮ್ಮದೇ ಎಂಬಂತೆ ಸಂಕೋಚಪಟ್ಟಳು. “ನೀರು ಬರೋದು ಕಾಣ್ತಾ ಇತ್ತಮ್ಮ. ಆರ್ಲೀನ್‌ಗೆ ಹೆದರಿಕೆಯಾಯ್ತು. ನಾನೇ ಕೂರಿಸಿದೆ. ಇಲ್ಲಿಯವರು ಅವರು, ಅವರಿಗೆ ಗೊತ್ತಿರಲ್ವಾ, ಒಂದೂ ಮುಕ್ಕಾಲು ಅಂತ ಬರೆದಿದಾರಲ್ಲ ಅಂದೆ.”

ನೀನಾ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದಳು, ಪುಸ್ತಕ, ಕೂಡಿಸಿದ ಗಂಟೆ, ಓದದೆ ಬಿಟ್ಟ ರಟ್ಟು. ಏನನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿ ನಕ್ಷೆಯನ್ನು ವಾಪಸು ಕೊಡಿ ಎಂದು ಕೈಚಾಚಿದಳು. ಆರ್ಲೀನ್ ಕೊಡಲಿಲ್ಲ. ಮಂಜು ಸರಿದು ಸೇತುವೆ ಎರಡು ನಿಮಿಷ ಪೂರ್ತಿ ಕಂಡಿತ್ತಂತೆ. ಆ ಕಾಗದವನ್ನು ಮನೆಗೆ ಒಯ್ಯುತ್ತಾಳಂತೆ.

“ಹಾಗಾದ್ರೆ ಒಂದು ನಿಮಿಷ ಕೊಡಿ,” ಎಂದಳು ನೀನಾ.

ಮರಳಿನ ಮೇಲೆ ಕೂತು ಒದ್ದೆ ನಕ್ಷೆಯನ್ನು ಮಂಡಿಯ ಮೇಲೆ ಹರವಿಕೊಂಡು ಹಸಿರು ಪೆನ್ನು ತೆಗೆದಳು. ಅದು ನಾಳಿದ್ದು ನೆಬ್ರಾಸ್ಕಾಕ್ಕೆ ಹೋಗುವ ಕಾಗದ. ಅದನ್ನು ನೋಡಿಕೊಂಡು ಯಾರೂ ಇನ್ನು ಯಾವ ಸಮುದ್ರಕ್ಕೂ ಇಳಿಯುವುದಿಲ್ಲ. ಆದರೂ 1:45ನ್ನು ಹೊಡೆದು ಹಾಕಿ, ಪಕ್ಕದಲ್ಲಿ 12:45 ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು.