ಪಿಂಕಿಗೆ ಇಟ್ಟ ಎಡೆ

ಹೊಗೆಸೊಪ್ಪು ಬೇಯುವ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತದಂತೆ. ನನಗೆ ಅದು ಅಜ್ಜಿಯ ಸೆರಗಿನ ವಾಸನೆ. ಈಗಲೂ ಬಸ್ಸು ಕಂಪಲಾಪುರ ದಾಟುವಾಗ ಬೆಲ್ಲ ಸೀದಂಥ ಆ ಗಮಲು ಕಿಟಕಿಯಿಂದ ನುಗ್ಗಿದರೆ ಸಾಕು, ಕತ್ತು ಹೊರಗೆ ಚಾಚಿ ನಮ್ಮ ಮನೆ ಹುಡುಕುತ್ತೇನೆ. ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಗೊಬ್ಬರದ ಗೋಡೌನು. ಸೊಪ್ಪು ಬೇಯಿಸುತ್ತಿದ್ದ ಬ್ಯಾರನ್ನಿನ ಒಂದು ಗೋಡೆ ಉಳಿದಿದೆ, ಅದನ್ನೂ ಎಷ್ಟು ದಿನ ಬಿಡುತ್ತಾರೋ.

ಅಜ್ಜಿಯ ಕೊನೆಯ ಮಗ, ನನ್ನ ಚಿಕ್ಕಪ್ಪ ಮಾದೇವ, ಬಿಳಿಕೆರೆ ಹತ್ತಿರ ಲಾರಿಗೆ ಸಿಕ್ಕಿ ಸತ್ತಿದ್ದ. ಮಣ್ಣು ಮಾಡಿ ಬಂದ ಮೇಲೂ ಅವನು ಸತ್ತನೆಂದು ಅಜ್ಜಿ ಒಪ್ಪಲಿಲ್ಲ. ಪಿತೃಪಕ್ಷದಲ್ಲಿ ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ನಡುಮನೆಯಲ್ಲಿ ಎಲೆ ಹಾಕಿ ಎಡೆ ಇಟ್ಟು, ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂರುತ್ತೇವೆ, ಅವರು ಬಂದು ಉಂಡು ಹೋಗಲಿ ಅಂತ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ತಾತ, ಮುತ್ತಾತ ಎಲ್ಲರಿಗೂ ಎಲೆ ಬೀಳುತ್ತಿತ್ತು, ಮಾದೇವನಿಗೆ ಮಾತ್ರ ಇಲ್ಲ. "ನನ್ ಕೈಯಾರ ಅವನ್ಗೆ ಎಡೆ ಇಕ್ಕುದ್ರೆ ನಾನೇ ಸಾಯಿಸ್ದಂಗೆ ಕಣ್ರಪ್ಪ" ಅನ್ನುತ್ತಿದ್ದಳು. ಅಪ್ಪ ಎಷ್ಟು ಹೇಳಿದರೂ ಊಹೂಂ. ದಿನಾ ಸಂಜೆ ಅವನ ಪಾಲಿನ ಮುದ್ದೆ ಒಲೆಯ ಪಕ್ಕ ಕಾದು ಕೂತಿರುತ್ತಿತ್ತು, ಬೆಳಗ್ಗೆ ಎಮ್ಮೆಯ ಪಾಲಾಗುತ್ತಿತ್ತು.

ಮುಂದಿನ ಕೋಣೆಯಲ್ಲಿ ಸ್ಟೆಲ್ಲಾ ಟೀಚರ್ ಬಾಡಿಗೆಗಿದ್ದರು. ಪುಟ್ಟ ಮಗಳು ಪಿಂಕಿಯನ್ನು ಜ್ವರಕ್ಕೆ ಕಳೆದುಕೊಂಡವರು. ಆದರೂ ನಗುನಗುತ್ತಾ, ಭಾನುವಾರ ಇಸ್ತ್ರಿ ಸೀರೆಯುಟ್ಟು ಚರ್ಚಿಗೆ ಹೋಗುತ್ತಿದ್ದರು. "ಮಗಳ್ನ ಮಣ್ಗಾಕಿ ಅದೆಂಗ್ ನಗ್ತಾರೋ, ಅವ್ರ ದೇವ್ರು ಅದೇನ್ ಮದ್ದು ಕೊಟ್ಟವ್ನೋ" ಅಂತ ಅಜ್ಜಿ ಹಿಂದಿನಿಂದ ಗೊಣಗುವಳು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಆ ವರ್ಷ ಚರ್ಚಿನವರು ಹಬ್ಬಕ್ಕೊಂದು ಸಂಚಿಕೆ ತಂದರು. ಅದರಲ್ಲಿ ಟೀಚರ್ ಬರೆದದ್ದೂ ಇತ್ತು, ನನಗೊಂದು ಪ್ರತಿ ಕೊಟ್ಟರು. ಬ್ಯಾರನ್ನಿನ ಮುಂದೆ ಹೆಂಗಸರು ಕಡ್ಡಿಗೆ ಸೊಪ್ಪು ಕಟ್ಟುವಾಗ ಹೊತ್ತು ಹೋಗಲಿ ಎಂದು ನಾನು ಗಟ್ಟಿಯಾಗಿ ಓದತೊಡಗಿದೆ. ದೇವರ ಗುಣಗಾನ ಇರುತ್ತದೆ ಅಂದುಕೊಂಡಿದ್ದೆ. ಅಯ್ಯೋ, ಹಾಗಿರಲಿಲ್ಲ. "ನನ್ನ ಪಿಂಕಿ ಸತ್ತಳು" ಅಂತಲೇ ಶುರು. "ಇಷ್ಟು ಬರೆಯಲು ನನಗೆ ವರ್ಷಗಳೇ ಹಿಡಿದವು. ಮೊಣಕಾಲೂರಿ ಬೇಡಿದೆ, ಮಗು ಉಳಿಯಲಿಲ್ಲ. ದೇವರ ಚಿತ್ತ ಎಂದವರ ಮೇಲೆ ಇವತ್ತಿಗೂ ಸಿಟ್ಟಿದೆ. ನಾನು ನಗುವುದು ನೀವು ಸಮಾಧಾನ ಹೇಳಲು ಬರಬಾರದೆಂದು. ಆದರೂ ಚರ್ಚಿಗೆ ಹೋಗುತ್ತೇನೆ, ಜಗಳವಾಡಲಿಕ್ಕಾದರೂ ನನಗೆ ಅವನೇ ಬೇಕು. ಬಾಗಿಲು ತಟ್ಟುತ್ತಲೇ ಇದ್ದೇನೆ, ಒಳಗಿನಿಂದ ಯಾರೂ ಓಗೊಟ್ಟಿಲ್ಲ."

ಸೊಪ್ಪಿನ ಅಂಟು ಮೆತ್ತಿದ ಕೈಗಳೆಲ್ಲ ನಿಂತವು. "ಇನ್ನೊಂದ್ ಸಲ ಓದವ್ವ" ಅಂದಳು ಅಜ್ಜಿ. ಓದಿದೆ. "ಈವಮ್ಮ ದೇವ್ರ ಮುಂದೂ ಸುಳ್ಳೇಳ್ನಿಲ್ವಲ್ಲ ಕಣವ್ವಾ" ಅಂದವಳೇ ಕಪ್ಪು ಕೈಯಲ್ಲಿ ಮುಖ ಮುಚ್ಚಿಕೊಂಡು ಮಗನ ಹೆಸರು ಹಿಡಿದು ಅತ್ತಳು. ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಆ ಪಿತೃಪಕ್ಷಕ್ಕೆ ಮಾದೇವನಿಗೆ ಎಲೆ ಬಿತ್ತು, ಕೋಳಿ ಸಾರು, ಮುದ್ದೆ, ಹೊಸ ಅಂಗಿ. ಪಕ್ಕದಲ್ಲಿ ಇನ್ನೊಂದು ಸಣ್ಣ ಎಲೆ, ಬೇಕರಿ ಬನ್ನು, ಕೆಂಪು ರಿಬ್ಬನ್ನು. ಅಪ್ಪ ಆ ಸಣ್ಣ ಎಲೆ ನೋಡಿ ಅಡ್ಡ ಬಂದ. "ಅವ್ವಾ, ಅವ್ರಲ್ಲಿ ಇದೆಲ್ಲ ಇಲ್ಲ, ಏನಂದ್ಕೊಂಡಾರು?" "ಎಲ್ರೂ ಉಣ್ಣೋವಾಗ ಆ ಕೂಸು ಬಾಗ್ಲಲ್ಲಿ ನಿಂತ್ಕಂಡು ನೋಡ್ಬೇಕಾ? ಸುಮ್ಕಿರ್ಲಾ." ಸ್ಕೂಲಿನಿಂದ ಬಂದ ಟೀಚರ್ ರಿಬ್ಬನ್ನನ್ನೇ ನೋಡುತ್ತಾ ನಿಂತರು. "ಅಜ್ಜಿ, ನಮ್ಮಲ್ಲಿ ಹೀಗೆ ಮಾಡಲ್ಲ" ಅಂದರು. ಅವರು ಚಪ್ಪಲಿ ಬಿಟ್ಟು ಬಂದು ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತರು.

ಹೊತ್ತಾಯಿತು. ಅಜ್ಜಿಯ ಕೈ ಬಾಗಿಲ ತನಕ ಹೋಗಿ ಹಿಂದೆ ಬಂತು. "ನನ್ ಕೈಲಾಗಕಿಲ್ಲ. ನೀವೇ ತಟ್ರವ್ವಾ ಟೀಚ್ರಮ್ಮ." ಟೀಚರ್ ತಟ್ಟಿದರು. ಯಾರೂ ಓ ಅನ್ನಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಹೋದರು. ಅವತ್ತಿನಿಂದ ಒಲೆಯ ಪಕ್ಕ ಮುದ್ದೆ ಇಡುವುದು ನಿಂತಿತು.

ಟೀಚರಿಗೆ ಎಚ್.ಡಿ. ಕೋಟೆ ಕಡೆ ಬೇರೆ ಸ್ಕೂಲು ಸಿಕ್ಕಿತು, ಹೋದರು. ಆಮೇಲೆ ಅಜ್ಜಿ ತೀರಿಕೊಂಡಳು. ಬಾಡಿಗೆ ಮನೆಯಲ್ಲಿ ನಾನೀಗ ಎಲ್ಲರಿಗೂ ಎಡೆ ಇಟ್ಟು, ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ಕೂರುತ್ತೇನೆ. ಪಿಂಕಿಯ ಬನ್ನು ತಪ್ಪಿಸಿಲ್ಲ. ಟೀಚರನ್ನು ಮಣ್ಣು ಮಾಡಿದ ಸುದ್ದಿ ಬಂದು ಎಷ್ಟೋ ಕಾಲವಾಯಿತು, ಅವರಿಗೆ ಮಾತ್ರ ನಾನು ಎಲೆ ಹಾಕಿಲ್ಲ. ಎಷ್ಟಾದರೂ ಅಜ್ಜಿಯ ಮೊಮ್ಮಗಳಲ್ಲವೇ.

ಸ್ಟೆಲ್ಲಾ ಟೀಚರ್ ಸತ್ತರು. ಇಗೋ, ಬರೆದೆ. ಈ ಸಲ ಇನ್ನೊಂದು ಎಲೆ ತರಬೇಕು.