ಹಾಲಿನ ಹೊತ್ತು, ಆಟದ ಹೊತ್ತು

ಸ್ನೇಹಿತರೇ, ಇಂಟರ್ನೆಟ್ ಸಿಗುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಆದರೂ ಇವತ್ತಿನದನ್ನು ಇವತ್ತೇ ಹೇಳಬೇಕು.

ನನ್ನ ಏಳು ವರ್ಷದ ಮಗಳು ಸಿಂಚನಳಿಗೆ ಹಾಲೆಂದರೆ ಅಲರ್ಜಿ. ಡಾಕ್ಟರ್ ಹೇಳಿದಂತೆ ದಿನಾ ಸಂಜೆ, ಸ್ಕೂಲಿನಿಂದ ಬಂದ ಕೂಡಲೇ, ಅಳೆದು ಹಾಲು ಕುಡಿಸುತ್ತೇವೆ. ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಮೈಗೆ ಒಗ್ಗಿಸುವ ಚಿಕಿತ್ಸೆ ಅದು. ಮೈ ದಣಿದರೆ ಅಲರ್ಜಿ ಕೆರಳಬಹುದೆಂದು, ಕುಡಿದ ಮೇಲೆ ಎರಡು ಗಂಟೆ ಓಡಾಡಿ ಆಡುವಂತಿಲ್ಲ.

ಇವತ್ತು ಡಾಕ್ಟರ ಮುಂದೆ ನಾನು, "ಈಗ ಅರ್ಧ ಲೋಟ ದಕ್ಕಿಸ್ಕೊತಾಳೆ ಡಾಕ್ಟ್ರೇ" ಎಂದು ಹೆಮ್ಮೆಯಿಂದ ಹೇಳಿದೆ. ಅವರು ಮಗಳ ಕಡೆ ತಿರುಗಿ, "ಏನು ಪುಟ್ಟಿ, ಖುಷೀನಾ?" ಎಂದರು.

"ಇಲ್ಲ. ಎಲ್ರೂ ಆಡುವಾಗ ನಾನೊಬ್ಳೇ ಜಗಲಿ ಮೇಲೆ ಕೂತಿರ್ತೀನಿ. ಎದ್ದು ಹೋಗೋ ಹೊತ್ಗೆ ಕತ್ತಲಾಗ್ಬುಟ್ಟಿರುತ್ತೆ."

ಇಷ್ಟು ದಿನ ನನ್ನ ಕಣ್ಣೆಲ್ಲ ಹಾಲಿನ ಅಳತೆಯ ಮೇಲೇ ಇತ್ತು.

ಡಾಕ್ಟರ್ ನಕ್ಕರು. "ಮೊದ್ಲು ಆಡ್ಲಿ ಬಿಡೀಮ್ಮ. ಬಂದು ಸುಧಾರಿಸ್ಕೊಂಡ ಮೇಲೆ ಊಟದ ಜೊತೆ ಕೊಡಿ. ಕುಡಿದ ತಕ್ಷಣ ಮಾತ್ರ ಮಲಗಿಸ್ಬೇಡಿ."

ಸಂಜೆ ಐದಕ್ಕೆ ಸಿಂಚನ ಬೀದಿಗಿಳಿದಳು. ಆರಕ್ಕೆಲ್ಲ ಪಕ್ಕದ ಮನೆ ಗಿರಿಜಮ್ಮ ಬಾಗಿಲಲ್ಲಿ ನಿಂತಿದ್ದರು. "ನಿಮ್ಮ ಹುಡುಗಿ ಕುಂಟೆಬಿಲ್ಲೇಲಿ ಮೋಸ ಮಾಡಿ ನಮ್ಮೋಳನ್ನ ಅಳಿಸ್ಬುಟ್ಳು ಕಣ್ರೀ!"

ಲಕ್ಷ್ಮೀಪುರಂನ ಈ ಮನೆಗೆ ಬಂದ ಮೇಲೆ ನನ್ನ ಮಗಳ ಮೇಲೆ ಬಂದ ಮೊದಲ ದೂರು! ಗಿರಿಜಮ್ಮನವರನ್ನು ಕೂರಿಸಿ, ಕಾಫಿ ಕೊಟ್ಟು, ಪೂರ್ತಿ ಕೇಳಿದೆ. ತಪ್ಪು ನಮ್ಮದೇ ಎಂದು ಒಪ್ಪಿಕೊಂಡೆ. ಅಷ್ಟೊಂದು ನಗುನಗುತ್ತಾ ಯಾಕೆ ಒಪ್ಪಿಕೊಂಡೆ ಎಂಬುದು ಮಾತ್ರ ಪಾಪ, ಅವರಿಗೆ ಕೊನೆಗೂ ತಿಳಿಯಲಿಲ್ಲ.